ಮಂಗಳವಾರ ಖಾಲಿ ಇದೆ ಎಂದ ಫೋನು

ಮೇ ಎಂಟು, ಗುರುವಾರ, ಬೆಳಗ್ಗೆ ಒಂಬತ್ತೂಕಾಲು. ಹುಣಸೂರಿನಲ್ಲಿ ನನ್ನ ಸೋದರತ್ತೆಯ ಪಾತ್ರೆ ಗೋಡೌನಿನ ಮೇಲಿನ ಕೋಣೆಯಲ್ಲಿ ಕೂತು ಒಂದು ಟೂಲ್‌ನ ವಿವರಣೆ ಬರೆಯಲು ಶುರು ಮಾಡಿದೆ. ದಿನಚರಿಯಲ್ಲಿ ಹಾಗೆಂದೇ ಗುರುತು ಹಾಕಿಕೊಂಡಿದ್ದೇನೆ. ಏನನ್ನು ಶುರು ಮಾಡಿದರೂ ದಿನ, ಹೊತ್ತು ಬರೆದಿಡುವುದು ಹೈಸ್ಕೂಲಿನಿಂದ ಬಂದ ಅಭ್ಯಾಸ. ಮಧ್ಯಾಹ್ನದೊಳಗೆ ಮುಗಿಯುವ ಕೆಲಸ ಅಂದುಕೊಂಡಿದ್ದೆ. ಮುಗಿದದ್ದು ಮುಂದಿನ ಬುಧವಾರ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಮೈಸೂರಿನ ಒಂದು ಚಿಕ್ಕ ಕಂಪನಿ ಎಐ ಏಜೆಂಟ್‌ಗಳನ್ನು ತಯಾರಿಸುತ್ತದೆ. ಏಜೆಂಟ್ ಎಂದರೆ ನಾವು ಬಾಯಿಮಾತಿನಲ್ಲಿ ಹೇಳಿದ ಕೆಲಸವನ್ನು ಮಾಡಿಕೊಡುವ ಪ್ರೋಗ್ರಾಮು. ಅದಕ್ಕೆ ಕೈಕಾಲಿಲ್ಲ, ಬೇರೆ ಬೇರೆ ಟೂಲ್‌ಗಳೇ ಅದರ ಕೈಗಳು. ಒಂದು ಟೂಲ್ ಮಳೆ ಬರುತ್ತದೆಯೇ ಎಂದು ನೋಡಿ ಹೇಳುತ್ತದೆ, ಇನ್ನೊಂದು ಮೆಸೇಜ್ ಕಳಿಸುತ್ತದೆ. ಒಂದೊಂದು ಟೂಲ್‌ಗೂ ಒಂದು ಪುಟದ ವಿವರಣೆ ಬೇಕು: ಇದು ಏನು ಮಾಡುತ್ತದೆ, ಇದಕ್ಕೆ ಏನು ಕೊಡಬೇಕು, ತಿರುಗಿ ಏನು ಬರುತ್ತದೆ, ಯಾವಾಗ ಬಳಸಬಾರದು. ಏಜೆಂಟ್ ಆ ಪುಟ ಓದಿಕೊಂಡು ಟೂಲನ್ನು ಬಳಸುತ್ತದೆ. ಆ ಪುಟಗಳನ್ನು ಬರೆಯುವವಳು ನಾನು.

ನನ್ನ ಓದುಗರು ಮನುಷ್ಯರಲ್ಲ ಎನ್ನುವುದು ನನಗೆ ಇವತ್ತಿಗೂ ಸೋಜಿಗ. ಮನುಷ್ಯರಾದರೆ ತಿಳಿಯದ ಕಡೆ ತಡೆದು ‘ಹಂಗಂದ್ರೆ?’ ಎಂದು ಕೇಳುತ್ತಾರೆ. ಇದು ಕೇಳುವುದಿಲ್ಲ. ನಾನು ಹೇಳದೆ ಬಿಟ್ಟ ಜಾಗವನ್ನು ತನಗೆ ತೋಚಿದಂತೆ ತುಂಬಿಕೊಂಡು ಮುಂದಕ್ಕೆ ಹೋಗುತ್ತದೆ. ಹಾಗಾಗಿ ಏನನ್ನು ಬಿಟ್ಟಿದ್ದೇನೆ ಎಂದು ಹುಡುಕುವುದೇ ನನ್ನ ಕೆಲಸದ ಅರ್ಧ ಭಾಗ.

ಆ ವಾರ ಕೈಗೆ ಬಂದದ್ದು ಕ್ಯಾಲೆಂಡರ್ ನೋಡಿ ಹೇಳುವ ಟೂಲು. ಯಾವ ದಿನದಿಂದ ಯಾವ ದಿನದವರೆಗೆ ಎಂದು ಕೊಟ್ಟರೆ, ಆ ನಡುವೆ ಬರೆದಿಟ್ಟ ಕಾರ್ಯಕ್ರಮಗಳನ್ನು ಹುಡುಕಿ ಕೊಡುತ್ತದೆ. ನನ್ನ ಕರಡು ನಾಲ್ಕೇ ಸಾಲು. ಕೊನೆಯ ಸಾಲು ಹೀಗಿತ್ತು: ‘ಕಾರ್ಯಕ್ರಮ ಇಲ್ಲದಿದ್ದರೆ ಏನೂ ಬರುವುದಿಲ್ಲ.’ ಓದಿ ನೋಡಿದೆ, ಸರಿಯಾಗಿದೆ ಅನ್ನಿಸಿತು. ಅದನ್ನು ಅತ್ತೆಯ ಫೋನಿಗೆ ಹಾಕಿ, ಪರೀಕ್ಷೆ ಮಾಡಲು ಕೆಳಗಿಳಿದೆ.

ಅತ್ತೆಯದು ಮದುವೆ ಮುಂಜಿಗಳಿಗೆ ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರ. ಹುಣಸೂರಿನಿಂದ ಅತ್ತ ಪಿರಿಯಾಪಟ್ಟಣ, ಕಂಪಲಾಪುರ, ಇತ್ತ ಕೆ.ಆರ್.ನಗರ, ಕೆಳಗೆ ಎಚ್.ಡಿ.ಕೋಟೆಯವರೆಗೆ ಅವರ ಟೆಂಪೊ ಓಡುತ್ತದೆ. ಯಾವ ಊರಿಗೆ ಯಾವತ್ತು ಎಂದು ಅಷ್ಟೂ ವರ್ಷ ತಲೆಯಲ್ಲೇ ಇಟ್ಟುಕೊಂಡಿದ್ದವರು, ಮೂರು ವಾರದಿಂದ ನನ್ನ ಕಾಟ ತಾಳಲಾರದೆ ಫೋನಿಗೆ ಹೇಳಿ ಕ್ಯಾಲೆಂಡರಿಗೆ ಸೇರಿಸುತ್ತಿದ್ದರು. ಏಜೆಂಟ್ ಎಂದು ನಾನು ಮೊದಲ ಸಲ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಇದ್ಕೆಷ್ಟು ಕಮಿಷನ್ನು?”

“ಕಮಿಷನ್ ಇಲ್ಲ ಅತ್ತೆ.”

“ಕಮಿಷನ್ ತಗೊಳ್ದೇ ಇರೋ ಏಜೆಂಟ್‌ನ ನಾನು ನಂಬಕ್ಕಿಲ್ಲ ಕಣೇ.”

ಅತ್ತೆಯ ಬಳಿ ದೊಡ್ಡ ಪಾತ್ರೆಗಳು ಎರಡು ಸೆಟ್ ಇವೆ. ಕಿವಿಗೆ ಹಳದಿ ಬಣ್ಣ ಬಳಿದವು ಸಿಹಿಯೂಟಕ್ಕೆ, ಕೆಂಪು ಬಣ್ಣದವು ಬಾಡೂಟಕ್ಕೆ. ಕೆಂಪಿನಲ್ಲಿ ಪಾಯಸ ಕಾಯಿಸುವಂತಿಲ್ಲ, ಹಳದಿಯಲ್ಲಿ ಮಾಂಸ ಬೇಯಿಸುವಂತಿಲ್ಲ. ತೊಳೆಯುವ ಕಲ್ಲುಗಳೂ ಬೇರೆ ಬೇರೆ. ಅವರ ವ್ಯಾಪಾರದಲ್ಲಿ ರಾಜಿ ಇಲ್ಲದ ವಿಷಯ ಇದೊಂದೇ.

ನಾನು ಕೆಳಗೆ ಬರುವಾಗ ಹನ್ನೊಂದು ಗಂಟೆ. ಕಂಪಲಾಪುರದ ಗೃಹಪ್ರವೇಶಕ್ಕೆ ಹೋಗಿದ್ದ ಕುರ್ಚಿಗಳನ್ನು ಡ್ರೈವರಣ್ಣ ಇಳಿಸುತ್ತಿದ್ದ, ಅತ್ತೆ ಎಣಿಸುತ್ತಿದ್ದರು. ಅಷ್ಟರಲ್ಲಿ ಒಬ್ಬ ಹೆಂಗಸು ಬಾಗಿಲಲ್ಲಿ ಬಂದು ನಿಂತರು. ನಲವತ್ತರ ಆಸುಪಾಸು. ಎರಡು ಬಸ್ಸು ಬದಲಾಯಿಸಿ ಹಂಪಾಪುರದಿಂದ ಬಂದವರು. ಹೋದ ಶನಿವಾರ ಅವರ ತಂದೆ ತೀರಿಕೊಂಡಿದ್ದರು. ಬರುವ ಮಂಗಳವಾರ ಹನ್ನೊಂದನೇ ದಿನದ ಕಾರ್ಯ. ಎಚ್.ಡಿ.ಕೋಟೆಯಲ್ಲಿ ಎರಡು ಕಡೆ ಕೇಳಿ, ಪಾತ್ರೆ ಸಿಗದೆ ಇಲ್ಲಿಗೆ ಬಂದಿದ್ದರು.

“ನಮ್ಮಪ್ಪ ಊರಲ್ಲಿ ಯಾರ ಮನೆ ಕಾರ್ಯ ಆದ್ರೂ ಬಡ್ಸಕ್ಕೆ ನಿಂತ್ಕೊಳ್ತಿದ್ರು ಕಣಕ್ಕ. ಎಲೆ ಹಾಕೋದ್ರಿಂದ ಎಲೆ ಎತ್ತೋಗಂಟ. ಅವ್ರ ಕಾರ್ಯಕ್ಕೆ ಊರೋರೆಲ್ಲ ಕೂತು ಉಣ್ಬೇಕು. ಮನೇಲಿರೋ ತಪ್ಪಲೆಗಳಲ್ಲಿ ಅದು ಆಗಕ್ಕಿಲ್ಲ. ಇಲ್ಲ ಅನ್ಬ್ಯಾಡಿ.”

ಅತ್ತೆ ಕುರ್ಚಿಯ ಲೆಕ್ಕ ತಪ್ಪದಿರಲೆಂದು ಒಂದು ಕೈಯ ಬೆರಳು ಮಡಚಿಕೊಂಡೇ, ಇನ್ನೊಂದು ಕೈಯಲ್ಲಿ ಫೋನು ಎತ್ತಿದರು.

“ಮಂಗಳವಾರ ಏನದೆ ನೋಡು.”

ಫೋನು ಸ್ವಚ್ಛವಾದ ಕನ್ನಡದಲ್ಲಿ ಉತ್ತರಿಸಿತು: “ಮಂಗಳವಾರ ಯಾವ ಕಾರ್ಯಕ್ರಮವೂ ಇಲ್ಲ. ಆ ದಿನ ಖಾಲಿ ಇದೆ.”

“ಖಾಲಿ ಅದಂತೆ. ಸೋಮವಾರ ಸಂಜೆಗೆ ದೊಡ್ಡ ಡಬರಿಗಳೆಲ್ಲ ನಿಮ್ಮನೆ ಮುಂದೆ ಇರ್ತವೆ. ಅಳ್ಬ್ಯಾಡ ಓಗು ತಾಯಿ,” ಎಂದರು ಅತ್ತೆ. ಆಕೆ ಅತ್ತೆಯ ಎರಡೂ ಕೈ ಹಿಡಿದುಕೊಂಡು ನಿಂತಿದ್ದು ಬಸ್ಸಿಗೆ ಹೊರಟರು. ನಾನು ದಿನಚರಿಯಲ್ಲಿ ಬರೆದೆ: ಟೂಲ್‌ನ ಮೊದಲ ಪ್ರಶ್ನೆ, ಉತ್ತರ ಬಂತು.

ಮಾರನೆಯ ದಿನ ಶುಕ್ರವಾರ. ಭಾನುವಾರ ಕೆ.ಆರ್.ನಗರದಲ್ಲಿ ಮದುವೆ, ಆರತಕ್ಷತೆ ಶನಿವಾರ ಸಂಜೆಯೇ ಇರುವುದರಿಂದ ಡ್ರೈವರಣ್ಣ ಪಾತ್ರೆಗಳನ್ನು ಆಗಲೇ ಟೆಂಪೊ ಹತ್ತಿರ ಜೋಡಿಸುತ್ತಿದ್ದ. ಕಾಫಿ ಲೋಟ ಹಿಡಿದು ನೋಡುತ್ತ ನಿಂತೆ. ಹಳದಿ ಕಿವಿಯವು ಮುಗಿದ ಮೇಲೆ ಕೆಂಪು ಕಿವಿಯವನ್ನೂ ಹೊರಗೆ ಉರುಳಿಸಿಕೊಂಡು ಬಂದ.

“ಅಣ್ಣ, ಮದುವೆಗೆ ಕೆಂಪು ಯಾಕೆ?”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಬೀಗರೂಟಕ್ಕೆ ಹಳದೀಲಿ ಕುರಿ ಬೇಯಿಸ್ತಾರಾ? ಎಲ್ಲಿ ಬೆಳ್ದೆವ್ವ ನೀನು?”

ಮದುವೆಯಾದ ಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಹಾಕುವ ಬಾಡೂಟವೇ ಬೀಗರೂಟ. ನಮ್ಮ ಸೀಮೆಯಲ್ಲಿ ಕೆಲವರು ಮುಹೂರ್ತ ತಪ್ಪಿಸಿಕೊಂಡಾರು, ಇದನ್ನು ತಪ್ಪಿಸಿಕೊಳ್ಳುವುದಿಲ್ಲ. ಅದು ನನಗೂ ಗೊತ್ತು. ಗೊತ್ತಿದ್ದೂ ತಲೆಗೆ ಹೊಳೆದಿರಲಿಲ್ಲ.

“ಯಾವತ್ತಣ್ಣ ಬೀಗರೂಟ?”

“ಸೋಮವಾರ ಮಾದಪ್ಪನ ವಾರ, ಅವ್ರು ಬಾಡು ತಿನ್ನಕ್ಕಿಲ್ಲ. ಮಂಗಳವಾರವೇ ಇನ್ನ.”

ಅತ್ತೆ ಒಳಗಿನಿಂದ ಸೌಟುಗಳ ಕಟ್ಟು ಹಿಡಿದು ಬರುತ್ತಿದ್ದವರು ಅಲ್ಲೇ ನಿಂತರು. ಹಂಪಾಪುರದ ಕಾರ್ಯಕ್ಕೂ ಅವರು ಲೆಕ್ಕ ಹಾಕಿದ್ದು ಇದೇ ಕೆಂಪು ಸೆಟ್ಟು. ನಾನು ಫೋನು ತೆಗೆದು ನೋಡಿದೆ. ಕ್ಯಾಲೆಂಡರಿನಲ್ಲಿ ಅತ್ತೆಯದೇ ಮಾತು: ‘ಭಾನುವಾರ, ಕೆ.ಆರ್.ನಗರ, ಮದುವೆ.’ ಮಂಗಳವಾರದಲ್ಲಿ ಏನೂ ಇರಲಿಲ್ಲ.

“ಅತ್ತೆ, ಬೀಗರೂಟ ಯಾಕೆ ಸೇರಿಸಲಿಲ್ಲ?”

“ಮದ್ವೆ ಅಂತ ಏಳಿವ್ನಲ್ಲೇ! ಮದ್ವೆ ಅಂದ್ಮೇಲೆ ಬೀಗರೂಟ ಅದ್ರೊಳಗೇ ಬಂತು. ಅದ್ನ ಬೇರೆ ಏಳ್ತಾರಾ ಯಾರಾದ್ರೂವೆ?”

“ಹಾಗಾದ್ರೆ ನಿನ್ನೆ ಆಕೆಗೆ ಹೂಂ ಅಂದಿದ್ದು?”

“ನಿನ್ನ ಏಜೆಂಟು ಖಾಲಿ ಅಂತು, ನಾನೂ ಖಾಲಿ ಅಂದೆ. ಕುರ್ಚಿ ಲೆಕ್ಕದಲ್ಲಿದ್ದೆ ಕಣೇ. ಬರೀ ತಲೇಲೇ ಇದ್ದಿದ್ರೆ ಅನ್ತಿದ್ನಾ?” ಎಂದು ಸೌಟಿನ ಕಟ್ಟನ್ನು ನೆಲಕ್ಕೆ ಇಟ್ಟರು. ಬೈಗುಳ ಅಲ್ಲಿಗೇ ನಿಂತಿತು. ಆಮೇಲೆ ಮೆಲ್ಲಗೆ, “ಕೈ ಹಿಡ್ಕೊಂಡು ಓದ್ಲಲ್ಲೇ ಅವ್ಳು,” ಎಂದರು.

ನಾನು ಮೇಲೆ ಹೋಗಿ, ಟೂಲ್ ಏಜೆಂಟ್‌ಗೆ ಏನು ಕೊಟ್ಟಿತ್ತು ಎಂದು ತೆಗೆದು ನೋಡಿದೆ. ಟೂಲ್ ಸುಳ್ಳು ಹೇಳಿರಲಿಲ್ಲ. ಮಂಗಳವಾರಕ್ಕೆ ಬರೆದಿಟ್ಟದ್ದು ಏನೂ ಸಿಗಲಿಲ್ಲ ಎಂದಿತ್ತು, ಅಷ್ಟೆ. ‘ಸಿಗಲಿಲ್ಲ’ ಎಂಬುದನ್ನು ‘ಖಾಲಿ ಇದೆ’ ಎಂದು ಮಾಡಿದ್ದು ಏಜೆಂಟ್. ಸಿಗದಿದ್ದರೆ ಏನೆಂದು ತಿಳಿಯಬೇಕು ಎಂದು ನನ್ನ ಪುಟ ಅದಕ್ಕೆ ಹೇಳಿರಲಿಲ್ಲ. ಅತ್ತೆಯ ಹತ್ತಿರ ಬೀಗರೂಟವನ್ನು ಯಾರೂ ಬಿಡಿಸಿ ಕೇಳಿರಲಿಲ್ಲ, ಅತ್ತೆ ಹೇಳಿರಲಿಲ್ಲ. ಒಬ್ಬರೂ ತಪ್ಪು ಹೇಳದೆ ಉತ್ತರ ಮಾತ್ರ ತಪ್ಪಾಗಿತ್ತು. ಇದು ಹೇಗೆ ಸಾಧ್ಯ ಎಂದು ನೋಡುತ್ತಲೇ ಕೂತಿದ್ದೆ. ಕೆಳಗಿನಿಂದ ಅತ್ತೆ ಫೋನಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು.

ಮೊದಲು ಕೆ.ಆರ್.ನಗರಕ್ಕೆ. ಮದುವೆ ಗಂಡಿನ ಸೋದರಮಾವ ಸಿಕ್ಕಿದರು. ಬೀಗರೂಟ ಒಂದು ದಿನ ಮುಂದಕ್ಕೆ ಹೋದೀತಾ ಎಂದು ಅತ್ತೆ ಕೇಳಿದ್ದಕ್ಕೆ ಆತ, “ಕಾರ್ಡಲ್ಲೇ ಹಾಕ್ಸಿವಿ ಕಣ್ರೀ. ಕುರಿ ಬಂದು ಕೊಟ್ಟಿಗೇಲಿ ನಿಂತವೆ. ಈಗ ಕುರಿಗೆ ಬುಧವಾರ ಬಾ ಅನ್ನಾನಾ?” ಎಂದರು. ಆಮೇಲೆ ಪಿರಿಯಾಪಟ್ಟಣದಲ್ಲಿ ಇದೇ ವ್ಯಾಪಾರ ಮಾಡುವ ಒಬ್ಬರಿಗೆ. ಅವರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

“ಭಾನ್ವಾರ ಮುಹೂರ್ತ ಇದ್ಮೇಲೆ ಮಂಗಳವಾರ ಕೆಂಪು ಪಾತ್ರೆ ಕೇಳ್ತಿದೀಯಲ್ಲಕ್ಕ! ಎಲ್ಲಾರ್ಗೂ ಅವತ್ತೇ ಬೀಗರೂಟ. ನನ್ನವು ಮೂರು ಊರ್ನಲ್ಲಿ ಅವೆ. ನೀನೇ ಇಂಗೆ ಕೇಳಿದ್ರೆ ಎಂಗೆ?”

ಕೋಟೆಯಲ್ಲಿ ಆ ಹೆಂಗಸಿಗೆ ಪಾತ್ರೆ ಯಾಕೆ ಸಿಗಲಿಲ್ಲ ಎನ್ನುವುದು ಆಗ ನನಗೆ ಗೊತ್ತಾಯಿತು.

“ಹಳದಿ ಸೆಟ್ಟು ಸೋಮವಾರ ವಾಪಸ್ ಬರುತ್ತಲ್ಲ ಅತ್ತೆ?”

“ಬತ್ತದೆ. ಹಳದೀಲಿ ಬಾಡು ಮಾಡಕ್ಕೆ ಕೊಡ್ಲಾ? ನಾಳೆ ಪಾಯಸಕ್ಕೆ ಯಾವ ಮೊಕ ಇಟ್ಕೊಂಡು ಕೊಡ್ಲಿ ಅದ್ನ?” ಅವರು ಬಾಡಿಗೆ ಕೊಡುವ ಊರುಗಳಲ್ಲಿ ಹೆಚ್ಚಿನ ಮನೆಗಳಲ್ಲಿ ಹನ್ನೊಂದನೇ ದಿನವೂ ಬಾಡೂಟವೇ. “ಫೋನಲ್ಲಿ ಇಲ್ಲ ಅಂತ ಏಳೋ ಮಾತಲ್ಲ ಇದು. ಓಗಿ ಏಳ್ಬೇಕು. ನೀನೂ ಬಾ,” ಎಂದು ಸೀರೆ ಬದಲಾಯಿಸಲು ಹೋದರು.

ಮಧ್ಯಾಹ್ನ ಒಂದೂಮುಕ್ಕಾಲಿಗೆ ಕೋಟೆ ಬಸ್ಸು ಹತ್ತಿದೆವು. ರಸ್ತೆಯ ಎರಡೂ ಕಡೆ ಹೊಗೆಸೊಪ್ಪಿನ ಸಸಿ ನಾಟಿ ನಡೆಯುತ್ತಿತ್ತು. ನನಗೆ ಸುಮ್ಮನಿರಲು ಆಗಲಿಲ್ಲ. ಬರೆದಿಡದೆ ಬಿಡುವ ದಿನಗಳು ಇನ್ನೂ ಎಷ್ಟಿವೆ ಎಂದು ಅತ್ತೆಯನ್ನು ಕೇಳಿದೆ.

“ಬರ್ದಿಡ್ದೇ ಬುಡೋದು ಅಂದ್ರೆ?”

“ಮದುವೆ ಅಂದ್ರೆ ಬೀಗರೂಟ ಸೇರಿದ ಹಾಗೆ, ಗೃಹಪ್ರವೇಶ ಅಂದ್ರೆ?”

“ಮುಂಚಿನ್ ದಿನ ಸಂಜೆನೇ ಓಮಕ್ಕೆ ಪಾತ್ರೆ ಓಗ್ಬೇಕು.”

“ನಾಮಕರಣ?”

“ಅದು ಒಂದೇ ದಿನ. ಅಜ್ಜೀರು ಮನಸ್ಸು ಮಾಡಿದ್ರೆ ಎರಡು.”

ಪಕ್ಕದಲ್ಲಿ ಸೊಪ್ಪಿನ ಚೀಲ ಕಾಲಡಿ ಇಟ್ಟುಕೊಂಡಿದ್ದ ಹೆಂಗಸು ನಡುವೆ ಬಾಯಿ ಹಾಕಿದರು. “ನಮ್ಮಲ್ಲಿ ಶನಿವಾರನೂ ತಿನ್ನಕ್ಕಿಲ್ಲ. ನಮ್ಮಣ್ಣನ ಮಗನ ಬೀಗರೂಟ ಇಂಗೇ ತಳ್ಕೊಂಡು ತಳ್ಕೊಂಡು ಎಂಟು ದಿನಕ್ಕೋಯ್ತು. ಬೀಗರು ಅಷ್ಟೊತ್ಗೆ ಜಗಳಾನೂ ಮುಗ್ಸಿದ್ರು.” ಅತ್ತೆ ಅವತ್ತು ಮೊದಲ ಸಲ ನಕ್ಕರು. ನಾನು ಮೊಣಕಾಲ ಮೇಲೆ ದಿನಚರಿ ಇಟ್ಟುಕೊಂಡು ಬರೆಯುತ್ತ ಹೋದೆ. ಕೋಟೆ ಬರುವಷ್ಟರಲ್ಲಿ ಹಿಂದಿನ ಸೀಟಿನವರೂ ತಮ್ಮ ತಮ್ಮ ಮನೆಯಲ್ಲಿ ಬಾಡು ಮುಟ್ಟದ ವಾರ ಹೇಳಿದ್ದರು. ಸೋಮವಾರ ನಾಲ್ಕು, ಶನಿವಾರ ಮೂರು, ಗುರುವಾರ ಒಂದು. ‘ನಮ್ಗೆ ಎಲ್ಲ ವಾರಾನೂ ನಡೀತದೆ’ ಎಂದ ಕಂಡಕ್ಟರೂ ಒಬ್ಬ.

ಹಂಪಾಪುರದ ಮನೆಯ ಮುಂದೆ ಚಪ್ಪರಕ್ಕೆ ಗಳ ನೆಡುತ್ತಿದ್ದರು. ಆಕೆ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದವರು ಎದ್ದು ಬಂದು ಚಾಪೆ ಹಾಸಿದರು. ಬಂದ ಕಾರಣ ಅವರು ಕೇಳಲಿಲ್ಲ. ಸಾವಿನ ಮನೆಗೆ ಬಂದವರನ್ನು ಯಾರೂ ಕೇಳುವುದಿಲ್ಲ. ಅತ್ತೆ ನೀರು ಕುಡಿದರು. ಹೇಗೆ ಹೇಳುವುದೆಂದು ಹುಡುಕುತ್ತಿದ್ದಾರೆ ಎಂದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ, ಬಸ್ಸಿನಲ್ಲಿ ಕೇಳಿಕೊಂಡು ಬಂದ ಪ್ರಶ್ನೆಗಳನ್ನೇ ನಾನು ಆಕೆಗೂ ಕೇಳಿದೆ.

“ಅಕ್ಕ, ಕಾರ್ಯ ಮಂಗಳವಾರ ಒಂದೇ ದಿನಾನಾ, ಹಿಂದೆ ಮುಂದೆ ಏನಾದ್ರೂ ಇರುತ್ತಾ? ಅಡುಗೆ ಏನು?”

“ಮಂಗಳವಾರ ಊರೋರ್ಗೆ ಅನ್ನ, ಉಳಿ, ಪಾಯ್ಸ, ವಡೆ. ಬಾಡು ಬುಧವಾರ, ಬರೀ ಮನೆಯೋರ್ಗೆ. ಅದ್ಕೆ ನಮ್ಮ ಪಾತ್ರೆಗಳೇ ಸಾಕು.”

ಅತ್ತೆ ಲೋಟ ಕೆಳಗಿಟ್ಟರು. “ಮಂಗಳವಾರ ಬಾಡಿಲ್ವಾ?”

“ನಮ್ದು ಬೆಟ್ಟದಮ್ಮನ ಒಕ್ಕಲು ಕಣಕ್ಕ. ಮಂಗಳವಾರ ಅಮ್ಮನ ವಾರ ಅಲ್ವಾ? ನಮ್ಮಪ್ಪ ಮಂಗಳವಾರ ಒಲೆ ಮ್ಯಾಲೆ ಮೊಟ್ಟೆನೂ ಇಡುಸ್ತಿರ್ಲಿಲ್ಲ. ಅವ್ರ ಕಾರ್ಯದಲ್ಲೇ ನಾವು ಕೆಡ್ಸಾಕಾಯ್ತದಾ?”

“ಮತ್ತೆ ನಿನ್ನೆ ಏಳ್ಳೇ ಇಲ್ಲ ನೀನು!”

“ನೀವು ಕೇಳ್ಳಿಲ್ವಲ್ಲಕ್ಕ. ಆ ಫೋನ್ನ ಕೇಳುದ್ರಿ.”

ಅತ್ತೆ ನನ್ನ ತೊಡೆಗೆ ಚಿವುಟಿದರು. ಸಾವಿನ ಮನೆಯಲ್ಲಿ ನಗಬಾರದೆಂದು ತಮ್ಮ ನಗುವನ್ನು ಅಲ್ಲಿ ತೀರಿಸಿಕೊಂಡರೋ ಏನೋ. ಆಮೇಲೆ ಆಕೆಗೆ ಎಲ್ಲವನ್ನೂ ಹೇಳಿದರು. ಕೆಂಪು ಸೆಟ್ಟು ಕೆ.ಆರ್.ನಗರದಲ್ಲಿ ಇರುತ್ತದೆ, ಇಲ್ಲ ಎಂದು ಹೇಳಲು ಬಂದಿದ್ದೆವು, ಈಗ ಹಳದಿ ಸೆಟ್ಟು ಕಳಿಸುತ್ತೇವೆ ಎಂದು. ಆಕೆ ಕೇಳಿಸಿಕೊಂಡು, “ಕಾಫಿ ಕುಡ್ಯದೆ ಓಗಂಗಿಲ್ಲ,” ಎಂದು ಒಳಗೆ ಹೋದರು. ಒಲೆಯ ಮುಂದೆ ಸ್ವಲ್ಪ ಹೊತ್ತು ಸೆರಗು ಕಣ್ಣಿಗೆ ಒತ್ತಿಕೊಂಡು ನಿಂತಿದ್ದು ಜಗುಲಿಗೆ ಕಾಣುತ್ತಿತ್ತು.

ಸೋಮವಾರ ಕೆ.ಆರ್.ನಗರದಿಂದ ಹಳದಿ ಪಾತ್ರೆಗಳು ಬಂದದ್ದು ಮಧ್ಯಾಹ್ನ ಮೂರಕ್ಕೆ. ಅತ್ತೆ, ನಾನು, ತೊಳೆಯಲು ಬರುವ ಇಬ್ಬರು ಹೆಂಗಸರು ಸೇರಿ ಉಜ್ಜಿದೆವು. ಐದೂಕಾಲಿಗೆ ಟೆಂಪೊ ಹೊರಟಿತು. ಮಂಗಳವಾರ ನಾನು ಹಂಪಾಪುರಕ್ಕೆ ಬಡಿಸಲು ಹೋದೆ. ಚಪ್ಪರದ ಕೆಳಗೆ ಎಷ್ಟು ಪಂಕ್ತಿ ಕೂತಿತು ಎಂದು ಎಣಿಸಬೇಕೆಂದುಕೊಂಡಿದ್ದವಳು ಪಾಯಸದ ಬಕೀಟು ಕೈಗೆ ಬಂದ ಮೇಲೆ ಮರೆತೆ. ಆಕೆ ಎಲೆ ಹಾಕುವಲ್ಲಿಂದ ಎಲೆ ಎತ್ತುವವರೆಗೆ ಒಂದು ಕಡೆಯೂ ಕೂರಲಿಲ್ಲ. ಒಬ್ಬ ಮುದುಕರು ಎರಡನೇ ಸಲ ಹುಳಿ ಹಾಕಿಸಿಕೊಳ್ಳುತ್ತ, “ಅಪ್ಪನ ಕೈಯೇ ಕಣವ್ವ ನಿಂದು, ಬಡ್ಸಿದ್ರೆ ಎಲೆ ಕಾಣಕ್ಕಿಲ್ಲ,” ಎಂದರು. ಆಕೆ ಇನ್ನೊಂದು ಸೌಟು ಹಾಕಿ ಮುಂದಿನ ಎಲೆಗೆ ಹೋದರು.

ಅದೇ ಹೊತ್ತಿನಲ್ಲಿ ಕೆ.ಆರ್.ನಗರದ ಬೀಗರೂಟವೂ ಕೆಂಪು ಪಾತ್ರೆಗಳಲ್ಲಿ ನಡೆಯಿತು. ಡ್ರೈವರಣ್ಣ ಎರಡು ದಿನ ಬೇರೆ ಮಾತೇ ಆಡಲಿಲ್ಲ.

ಬುಧವಾರ ಬೆಳಗ್ಗೆ ಪುಟವನ್ನು ಮತ್ತೆ ಬರೆದೆ. ‘ಕಾರ್ಯಕ್ರಮ ಇಲ್ಲದಿದ್ದರೆ ಏನೂ ಬರುವುದಿಲ್ಲ’ ಎಂಬ ಸಾಲನ್ನು ತೆಗೆದು ಅಲ್ಲಿ ಇದನ್ನು ಹಾಕಿದೆ: ‘ಏನೂ ಸಿಗದಿದ್ದರೆ, ಬರೆದಿಟ್ಟದ್ದು ಸಿಗಲಿಲ್ಲ ಎಂದಷ್ಟೇ ಹೇಳು. ಆ ದಿನ ಬಿಡುವಿದೆ ಎಂದು ಹೇಳಬೇಡ. ಕೇಳಿದ ದಿನದ ಹಿಂದಿನ ನಾಲ್ಕು ದಿನ, ಮುಂದಿನ ಎರಡು ದಿನವನ್ನೂ ನೋಡು. ಅಲ್ಲಿ ಮದುವೆಯೋ ಬೇರೆ ಶುಭಕಾರ್ಯವೋ ಇದ್ದರೆ ಅದು ಈ ದಿನದವರೆಗೂ ಚಾಚಿಕೊಂಡಿದೆಯೇ ಎಂದು ಮನುಷ್ಯರನ್ನು ಕೇಳು. ಯಾವ ಅಡುಗೆ ಎಂದೂ ಕೇಳು.’ ಕಂಪನಿಯವರು ಕೊನೆಯ ವಾಕ್ಯ ಬೇರೆ ಊರಿನವರಿಗೆ ಬೇಕಾಗದು ಎಂದು ತೆಗೆಸಿದರು. ಅತ್ತೆಯ ಫೋನಿನಲ್ಲಿ ಮಾತ್ರ ಉಳಿಸಿಕೊಂಡಿದ್ದೇನೆ. ಈಗ ಅದು ಪ್ರತಿ ಸಲ “ಯಾವ ಅಡುಗೆ?” ಎನ್ನುತ್ತದೆ. “ಕೇಳ್ತದೆ ಕೇಳ್ತದೆ, ಊಟಕ್ಕೆ ಬರೋ ಅಂಗೆ,” ಎಂದು ಅತ್ತೆ ಬೈಯುತ್ತ ಉತ್ತರ ಕೊಡುತ್ತಾರೆ.

ಹಿಂದಿನ ನಾಲ್ಕು ದಿನ ಎಂದು ಬರೆದದ್ದು ಅಂದಾಜು. ಬಸ್ಸಿನಲ್ಲಿ ಸಿಕ್ಕಿದ ಹೆಂಗಸಿನ ಅಣ್ಣನ ಮಗನ ಬೀಗರೂಟ ಅದನ್ನು ದಾಟುತ್ತದೆ ಎಂದು ನನಗೆ ಗೊತ್ತು. ಇನ್ನೊಂದು ಗಂಟೂ ಬಿಚ್ಚಿಲ್ಲ. ಗಂಡಿನ ಮನೆಯವರು ಸೋಮವಾರದ ಒಕ್ಕಲು, ಹೆಣ್ಣಿನ ಮನೆಯವರು ಮಂಗಳವಾರದವರು ಎಂದಿಟ್ಟುಕೊಳ್ಳಿ. ಭಾನುವಾರ ಮುಹೂರ್ತವಾಗಿ, ಬುಧವಾರದವರೆಗೆ ಕಾಯಲು ಎರಡೂ ಕಡೆ ಒಪ್ಪದಿದ್ದರೆ ಬೀಗರೂಟ ಯಾವತ್ತು? ಯಾರ ಮನೆದೇವರ ವಾರಕ್ಕೆ ಯಾರು ತಗ್ಗುತ್ತಾರೆ? ಅತ್ತೆ “ಹೆಣ್ಣಿನೋರೇ ತಗ್ಗೋದು” ಎನ್ನುತ್ತಾರೆ. ಪಿರಿಯಾಪಟ್ಟಣದ ವ್ಯಾಪಾರಿ, ಉಣ್ಣಲು ಬರುವವರು ಹೆಣ್ಣಿನ ಕಡೆಯವರಾದ್ದರಿಂದ ಅವರ ವಾರವೇ ನಡೆಯಬೇಕು ಎನ್ನುತ್ತಾರೆ. ಡ್ರೈವರಣ್ಣ ಎರಡೂ ಕಡೆ ಉಂಡವನು, ಅವನಿಗೂ ನೆನಪಿಲ್ಲ.

ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರ ಮನೆಯಲ್ಲಾದರೂ ಹೀಗೆ ಎರಡು ವಾರಗಳು ಎದುರುಬದುರಾಗಿದ್ದರೆ, ಕೊನೆಗೆ ಊಟ ಯಾವ ದಿನ ಆಯಿತು, ಆ ದಿನವನ್ನು ಗೊತ್ತು ಮಾಡಿದವರು ಯಾರು ಎಂದು ದಯವಿಟ್ಟು ನನಗೆ ಬರೆದು ತಿಳಿಸಿ. ಊರು, ಮುಹೂರ್ತದ ವಾರ, ಎರಡೂ ಮನೆಗಳ ವಾರ, ಇಷ್ಟಿದ್ದರೆ ಸಾಕು. ಹಿಂದಿನ ದಿನಗಳ ಆ ನಾಲ್ಕು ಎಂಬ ಅಂಕಿಯನ್ನು ನಾನಿನ್ನೂ ಪೆನ್ಸಿಲಿನಲ್ಲೇ ಬರೆದಿಟ್ಟುಕೊಂಡಿದ್ದೇನೆ.